ಡೇರೆ ಗಡ್ಡೆ ಮಳೆಗಾಲದಲ್ಲಿ ಕೊಳೆಯುವುದೇಕೆ?

ಪ್ರಶ್ನೆ (ಕಾರವಾರ): ಶಿರಸಿಯ ಅತ್ತಿಗೆಯವರು ಕೊಟ್ಟ ಆರು ಡೇರೆ (ಡೇಲಿಯಾ ಹೂವು) ಗಡ್ಡೆಗಳನ್ನು ಜೂನ್ ಮೊದಲ ವಾರ ಅಂಗಳದ ಅಂಚಿನಲ್ಲಿ ನೆಟ್ಟಿದ್ದೆ. ನಾಲ್ಕು ಕೊಳೆತವು; ಅಗೆದು ನೋಡಿದರೆ ಗಡ್ಡೆ ಬೆರಳಿಗೆ ಲೋಳೆಯಾಗಿ ಅಂಟುತ್ತಿತ್ತು. ಉಳಿದ ಎರಡು ಎದೆಯೆತ್ತರ ಬೆಳೆದಿದ್ದರೂ ಮೊಗ್ಗಿನ ಸುಳಿವಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿರಸಿ): ಡೇರೆಯ ಮೂಲ ಮೆಕ್ಸಿಕೋದ ಎತ್ತರದ ಪ್ರದೇಶ; ಅದಕ್ಕೆ ತಂಪು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ನಾವು ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನು ಬೆರೆಸಿ, ತಳದಲ್ಲಿ ತೂತು ಮಾಡಿದ ಚೀಲಗಳಲ್ಲಿ ತುಂಬಿ, ಜೋರು ಮಳೆಯ ದಿನಗಳಲ್ಲಿ ಅವುಗಳನ್ನು ಮಾಡಿನಂಚಿನ ಹನಿ ಬೀಳದ ಕಡೆಗೆ ಸರಿಸುತ್ತೇವೆ. ಗಡ್ಡೆಯ ಕುತ್ತಿಗೆಯಲ್ಲಿ ಕಣ್ಣು (ಚಿಗುರು ಹೊರಡುವ ಮೊಳಕೆ) ಇರದಿದ್ದರೆ ಅದು ಎಂದಿಗೂ ಚಿಗುರದು, ಗಡ್ಡೆ ಎಷ್ಟೇ ದಪ್ಪವಿರಲಿ.

ಉತ್ತರ (ಕುಮಟಾ): ಮೊಗ್ಗು ಬಾರದಿರುವುದಕ್ಕೆ ಯೂರಿಯಾ ಅಥವಾ ನೆರಳು ಕಾರಣವಿರಬಹುದು. ಯೂರಿಯಾದಲ್ಲಿರುವ ಸಾರಜನಕ ಹೆಚ್ಚಾದರೆ ಗಿಡವು ಎಲೆಯಲ್ಲಿಯೇ ಮೆರೆಯುತ್ತದೆ. ನಾಲ್ಕು ಜೋಡಿ ಎಲೆ ಬಂದಾಗಲೇ ತುದಿ ಚಿವುಟಬೇಕಿತ್ತು. ಈಗ ಕೋಲು ಕೊಟ್ಟು ಕಟ್ಟಿರಿ, ಏಕೆಂದರೆ ಟೊಳ್ಳು ಕಾಂಡ ಒಂದೇ ಗಾಳಿಗೆ ಮುರಿಯುತ್ತದೆ.

ಪ್ರಶ್ನಿಸಿದವರು: ಯೂರಿಯಾ ಹಾಕಿದ್ದು ನಿಜ, ಅದೂ ಎರಡು ಬಾರಿ. ಎರಡೂ ಗಿಡಗಳಿಗೆ ಇಂದೇ ಅಡಿಕೆ ದಬ್ಬೆಯ ಆಸರೆ ಕೊಟ್ಟಿದ್ದೇನೆ.