ಪದಚರ್ಚೆ: ಬರಹದ ‘ಥೀಮ್’ – ಅಂಕಣವೋ, ಹಂಗಾಮೋ?

ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ತೊಗರಿ ಬೇಳೆ ಇವನ್ನು ಆನ್‌ಲೈನ್‌ನಲ್ಲಿ ಮಾರುವ ಕಲಬುರಗಿಯ ಒಂದು ಮಹಿಳಾ ಗುಂಪಿಗೆ ನಾನು ಬರಹದ ಕೆಲಸ ಮಾಡಿಕೊಡುತ್ತೇನೆ. ಯಾವ ತಿಂಗಳು ಯಾವುದರ ಬಗ್ಗೆ ಬರೆಯಬೇಕು, ಯಾವ ಫೋಟೊ ಹಾಕಬೇಕು ಎಂಬುದನ್ನು ಎಲ್ಲರೂ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ‘ಥೀಮ್’. ಇದಕ್ಕೆ ಕನ್ನಡದಲ್ಲಿ ಒಂದು ಪದ ಸಾಕೇ ಅಥವಾ ಎರಡು ಬೇಕೇ ಎಂಬುದು ನನ್ನ ಪ್ರಶ್ನೆ. ಎರಡು ಬೇಕು ಎಂದು ನನಗೆ ತೋರುತ್ತದೆ. ಕಾರಣ ಹೇಳುತ್ತೇನೆ, ಬಲ್ಲವರು ತಿದ್ದಬೇಕು.

ನಮ್ಮ ಯೋಜನೆಯ ಹಾಳೆಯಲ್ಲಿ ‘ಡಿಸೆಂಬರ್ ಥೀಮ್’ ಎಂದಿದ್ದ ಸಾಲಿನ ಎದುರು ಒಬ್ಬರು ‘ಎಳ್ಳ ಅಮಾವಾಸ್ಯೆ’ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು ‘ಖಡಕ್ ರೊಟ್ಟಿ ಕೆಡದಂತೆ ಇಡುವುದು ಹೇಗೆ’ ಎಂದು ಸೇರಿಸಿದ್ದರು. ರೊಟ್ಟಿ ಬಡಿಯುವ ಹಿರಿಯರೊಬ್ಬರು ನೋಡಿ, “ತಂಗೀ, ಥೀಮ್ ಎಂದರೆ ಹಬ್ಬವೋ, ಮಾಲೋ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ರೊಟ್ಟಿ ಇಡುವ ಬಗೆಯನ್ನು ವರ್ಷದ ಯಾವ ವಾರದಲ್ಲಾದರೂ ಬರೆಯಬಹುದು. ಎಳ್ಳ ಅಮಾವಾಸ್ಯೆಯ ಭಜ್ಜಿ, ಸಜ್ಜೆ ರೊಟ್ಟಿ, ಹೊಲಕ್ಕೆ ಹೋಗಿ ಚರಗ ಚೆಲ್ಲುವುದು (ಬೆಳೆಗೆ ನೈವೇದ್ಯ ಎರಚುವುದು) ಇವುಗಳ ಮಾತು ಹಬ್ಬ ಕಳೆದ ಮರುದಿನ ಯಾರಿಗೂ ಬೇಡ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಯೋಜನೆ ಹಾಕುವಾಗಲೇ ಗೊಂದಲವಾಗುತ್ತದೆ.

ಈಗ ಚಾಲ್ತಿಯಲ್ಲಿರುವ ಪದಗಳನ್ನು ನೋಡೋಣ. ‘ವಿಷಯ’ ತೀರಾ ಅಗಲ. ಕಂಟೆಂಟ್ ಎಂಬುದಕ್ಕೂ ಅದನ್ನೇ ಬಳಸುತ್ತೇವೆ, ಹಾಗಾಗಿ ವಿಷಯದೊಳಗಿನ ವಿಷಯ ಎನ್ನಬೇಕಾಗುತ್ತದೆ. ಸಾಹಿತ್ಯ ವಿಮರ್ಶೆಯಲ್ಲಿ ‘ವಸ್ತು’ ಚೆನ್ನಾಗಿ ನಿಂತಿದೆ. ಆದರೆ ವ್ಯಾಪಾರ ಮಾಡುವವರ ಮುಂದೆ ‘ಈ ತಿಂಗಳ ವಸ್ತು’ ಎಂದರೆ ಅವರು ಮಾರಾಟದ ಸರಕು ಎಂದೇ ತಿಳಿಯುತ್ತಾರೆ. ‘ಆಶಯ’ ಸಮ್ಮೇಳನಗಳ ಪದ. ಪರಿಸರ ದಿನಕ್ಕೆ ಪತ್ರಿಕೆಗಳು ‘ಈ ವರ್ಷದ ಧ್ಯೇಯವಾಕ್ಯ’ ಎಂದು ಬರೆಯುತ್ತವೆ. ಹಿಂಡಿ ಪುಡಿಯ ಪೊಟ್ಟಣಕ್ಕೆ ಇವೆರಡೂ ಭಾರ. ಕಂಟೆಂಟ್‌ಗೆ ‘ಹೂರಣ’ ಎನ್ನುವವರಿದ್ದಾರೆ. ಅದು ನನಗೆ ಇಷ್ಟ, ಆದರೆ ಒಳಗಿನ ತಿರುಳನ್ನು ಹೇಳುತ್ತದೆಯೇ ಹೊರತು ವಿಂಗಡಣೆಯನ್ನು ಹೇಳುವುದಿಲ್ಲ.

ಸದಾ ಇರುವ ವಿಭಾಗಗಳಿಗೆ ನಾನು ‘ಅಂಕಣ’ ಎನ್ನಲು ಬಯಸುತ್ತೇನೆ. ಅಂಕಣ ಎಂದ ಕೂಡಲೇ ಪತ್ರಿಕೆ ನೆನಪಾಗುವುದು ಸಹಜ. ಆದರೆ ಅದು ಮನೆ ಕಟ್ಟುವವರ ಮಾತೂ ಹೌದು: ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಿನ ಜಾಗ. ಮನೆಯ ಅಳತೆಯನ್ನು ‘ಮೂರಂಕಣದ ಮನೆ’, ‘ಐದಂಕಣದ ಮನೆ’ ಎಂದು ಹೇಳುವುದುಂಟು. ನಮ್ಮ ಕಡೆ ‘ಖಣ’ ಎಂಬ ಪದವೂ ಇದೇ ಅರ್ಥದಲ್ಲಿದೆ. ಮಾರುಕಟ್ಟೆಯ ಪಾಠ ಹೇಳುವವರು ಮತ್ತೆ ಮತ್ತೆ ಬರೆಯಬೇಕಾದ ನಾಲ್ಕೈದು ಮುಖ್ಯ ವಿಷಯಗಳಿಗೆ ‘ಕಂಟೆಂಟ್ ಪಿಲ್ಲರ್’ ಎನ್ನುತ್ತಾರೆ. ಅದನ್ನು ‘ವಿಷಯಸ್ತಂಭ’ ಎಂದು ಕನ್ನಡಕ್ಕೆ ತಂದರೆ ಯಾವುದೋ ಸ್ಮಾರಕದ ಹೆಸರಿನಂತೆ ಕೇಳಿಸುತ್ತದೆ. ನಾವು ತುಂಬಬೇಕಾಗಿರುವುದೂ ಕಂಬಗಳ ನಡುವಿನ ಜಾಗವನ್ನೇ. ಕಾಳು ಎಲ್ಲಿಯದು, ಅಡುಗೆ ಹೇಗೆ, ಮಾಡುವವರು ಯಾರು, ಕೊಳ್ಳುವವರು ಏನು ಕೇಳುತ್ತಾರೆ – ಈ ನಾಲ್ಕು ಅಂಕಣ ಇದ್ದರೆ ಸಣ್ಣ ವ್ಯಾಪಾರದ ಬರಹಕ್ಕೆ ಸಾಕು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಸಂಗತಿ ಮೊದಲನೆಯ ಅಂಕಣಕ್ಕೆ ಸೇರುತ್ತದೆ, ಎಷ್ಟು ವರ್ಷವಾದರೂ ಹಳಸುವುದಿಲ್ಲ. ಬೀದರಿನಲ್ಲಿ ಬಿದರಿ ಸಾಮಾನು ಮಾರುವವರಿಗೂ ಇದು ಒಪ್ಪುತ್ತದೆ: ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುವುದು, ಬೆಳ್ಳಿಯ ಎಳೆ ಕೂರಿಸುವುದು, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದು, ಒಂದೊಂದೂ ಒಂದೊಂದು ಬರಹ.

ಕಾಲಕ್ಕೆ ಕಟ್ಟುಬಿದ್ದ ಬರಹಗಳಿಗೆ ‘ಹಂಗಾಮು’ ಎಂದರೆ ಹೇಗೆ? ಪಾರಸಿಯಲ್ಲಿ ‘ಹಂಗಾಮ್’ ಎಂದರೆ ಕಾಲ, ವೇಳೆ. ಕೃಷಿ ಇಲಾಖೆಯ ಪ್ರಕಟಣೆಗಳಿಂದ ‘ಮುಂಗಾರು ಹಂಗಾಮು’, ‘ಹಿಂಗಾರು ಹಂಗಾಮು’ ಎಲ್ಲ ರೈತರಿಗೂ ಪರಿಚಿತ. ಈ ಪದದ ಒಳ್ಳೆಯ ಗುಣವೆಂದರೆ ಮುಂಚಿನ ಸಿದ್ಧತೆಯನ್ನೂ ಅದು ಒಳಗೊಳ್ಳುತ್ತದೆ. ಹಂಗಾಮು ಎಂದರೆ ಕೊಯ್ಲಿನ ದಿನ ಮಾತ್ರವಲ್ಲ, ಬಿತ್ತನೆಯಿಂದ ರಾಶಿಯವರೆಗಿನ ಕಾಲ. ತೊಗರಿಯನ್ನೇ ನೋಡಿ. ಬಿತ್ತನೆ ಜೂನ್-ಜುಲೈ, ಹಳದಿ ಹೂವು ಅಕ್ಟೋಬರ್-ನವೆಂಬರ್ ಸುಮಾರಿಗೆ, ರಾಶಿ ಡಿಸೆಂಬರ್-ಜನವರಿಯಲ್ಲಿ. ಹೊಸ ಬೇಳೆ ಬಂತು ಎಂದು ಜನವರಿಯಲ್ಲಿ ಬರೆಯುವವರಿಗೆ ಹೂವಿನ ಫೋಟೊ ಬೇಕಿದ್ದರೆ ಹೂವು ಇರುವಾಗಲೇ ಹೊಲಕ್ಕೆ ಹೋಗಿರಬೇಕು. ‘ಜನವರಿ ಥೀಮ್’ ಎಂಬ ಮಾತಿನಲ್ಲಿ ಈ ಎಚ್ಚರವಿಲ್ಲ. ‘ತೊಗರಿ ಹಂಗಾಮು’ ಎಂದು ಬರೆದಿಟ್ಟಾಗ ನಮ್ಮ ಗುಂಪಿನವರು ತಾವಾಗಿಯೇ ಹಿಂದಕ್ಕೆ ಲೆಕ್ಕ ಹಾಕಿದರು.

ಒಂದು ದಿನದ ಹಬ್ಬಕ್ಕೆ ಹಂಗಾಮು ದೊಡ್ಡದಾಯಿತು ಎನ್ನುವವರಿಗೆ ‘ವಿಶೇಷ’ ಇದೆ. ‘ದೀಪಾವಳಿ ವಿಶೇಷಾಂಕ’ ಓದಿ ಬೆಳೆದವರಿಗೆ ‘ಪಂಚಮಿ ವಿಶೇಷ’, ‘ಕಾರ ಹುಣ್ಣಿಮೆ ವಿಶೇಷ’ ಸರಾಗವಾಗಿ ಅರ್ಥವಾಗುತ್ತದೆ.

ತೊಡಕಿರುವುದು ದರ್ಗಾದ ಉರುಸಿನಲ್ಲಿ. ನಮ್ಮ ಊರಿನ ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆಯ ನಂತರ ಬರುತ್ತದೆ, ಅಧಿಕ ಮಾಸದಿಂದ ಸ್ವಲ್ಪ ಹಿಂದೆ ಮುಂದೆ ಆದರೂ ಬೇಸಿಗೆಯ ಆರಂಭವನ್ನು ಬಿಟ್ಟು ಕದಲುವುದಿಲ್ಲ. ಇಲ್ಲಿಯದೇ ಖ್ವಾಜಾ ಬಂದೇನವಾಜ್ ಉರುಸು ಹಿಜರಿ ಪಂಚಾಂಗದ ಜಿಲ್ಕದ್ ತಿಂಗಳಲ್ಲಿ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ, ಹಾಗಾಗಿ ಉರುಸು ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಊರಿಗೆ ಹೊರಗಿನವರು ದಂಡಿಯಾಗಿ ಬರುವ ಸಮಯ ಅದು. ಬರಹಕ್ಕೂ ವ್ಯಾಪಾರಕ್ಕೂ ಮುಖ್ಯ. ಹಳೆಯ ವರ್ಷದ ಹಾಳೆಯನ್ನು ನಕಲು ಮಾಡಿದರೆ ತಪ್ಪುವುದು ಇದೇ. ಹೀಗೆ ಋತುವಿಗೆ ಅಂಟಿಕೊಳ್ಳದೆ ಸರಿಯುವ ಸಂದರ್ಭವನ್ನು ಹಂಗಾಮು ಎನ್ನಲು ನನಗೆ ಮನಸ್ಸು ಬಾರದು.

ಹಂಗಾಮಿನ ಬಗ್ಗೆ ಇನ್ನೊಂದು ಅನುಮಾನವೂ ಇದೆ. ‘ಹಂಗಾಮಿ ನೌಕರ’, ‘ಹಂಗಾಮಿ ಅಧ್ಯಕ್ಷ’ ಎಂಬ ಬಳಕೆಯಿಂದ ಅದಕ್ಕೆ ತಾತ್ಕಾಲಿಕ ಎಂಬ ಛಾಯೆ ಬಂದಿದೆ. ಉರ್ದುವಿನಲ್ಲಿ ‘ಹಂಗಾಮಾ’ ಎಂದರೆ ಗದ್ದಲ, ಕೋಲಾಹಲ. ಕನ್ನಡವೂ ಉರ್ದುವೂ ಒಟ್ಟಿಗೆ ಕಿವಿಗೆ ಬೀಳುವ ನಮ್ಮ ಊರಿನಲ್ಲಿ ‘ಈ ತಿಂಗಳ ಹಂಗಾಮು’ ಎಂಬುದು ಬೇರೆಯೇ ಅರ್ಥ ಕೊಟ್ಟೀತೇ? ಧಾನ್ಯದ ಪೇಟೆಯಾದ ಗಂಜ್‌ನ ಅಡತಿ ಅಂಗಡಿಗಳಲ್ಲಂತೂ ‘ಸೀಜನ್’ ಎಂಬ ಮಾತೇ ನಡೆಯುತ್ತದೆ, ‘ತೊಗರಿ ಸೀಜನ್’ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆದರೂ ಅಚ್ಚಿನಲ್ಲಿ ಬರೆಯುವಾಗ ಹಂಗಾಮಿಗೇ ನನ್ನ ಒಲವು.

ಬೀದರ್, ಯಾದಗಿರಿಯ ಹಿರಿಯರಿಂದ ಮನೆಯ ಅಳತೆಗೆ ‘ಅಂಕಣ’ ಕೇಳಿದವರಿದ್ದೀರಾ, ಅಥವಾ ಅಲ್ಲಿ ‘ಖಣ’ ಮಾತ್ರವೇ? ‘ಸುಗ್ಗಿ’, ‘ರಾಶಿ’ ಎಂಬ ಪದಗಳನ್ನು ಬೆಳೆಯ ಆಚೆಗೆ, ವ್ಯಾಪಾರ ಏರುವ ಕಾಲಕ್ಕೂ ಬಳಸುವುದುಂಟೇ? ಉರುಸಿನಂತೆ ವರ್ಷ ವರ್ಷವೂ ಮುಂಚೆ ಬರುವ ಹಬ್ಬಗಳಿಗೆ ಅಂಗಡಿಯವರಲ್ಲಿ ಬೇರೆ ಹೆಸರು ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ತಿಳಿಸಿ.