ಅಪ್ಪನ ಹಳೆ ಕಾರು 800 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ, ಎಂಜಿನ್ ಬಿಚ್ಚಿಸಲೇಬೇಕಾ?

ತೀರ್ಥಹಳ್ಳಿಯಿಂದ:
ನಮಸ್ಕಾರ. ಅಪ್ಪ 2007ರಲ್ಲಿ ತೆಗೆದುಕೊಂಡ ಸಣ್ಣ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರಿನದು. 1,38,000 ಕಿಲೋಮೀಟರ್ ಓಡಿದೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು, ಈಗ ನಾನೇ ಓಡಿಸುತ್ತೇನೆ. ಅಮ್ಮನನ್ನು ತಿಂಗಳಿಗೆ ಎರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಗಾಡಿ ನಿಂತರೆ ನಮಗೆ ತುಂಬಾ ಕಷ್ಟ.

ಹೋದ ವಾರ ಮಂಡಗದ್ದೆ ಹತ್ತಿರ ಒಂದು ತಿರುವಿನಲ್ಲಿ ಕೆಂಪು ಆಯಿಲ್ ದೀಪ ಮಿಣುಕಿ ಆರಿತು. ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ತುದಿಗೆ ಮಾತ್ರ ಆಯಿಲ್ ತಾಗಿತ್ತು. ಸರ್ವಿಸ್ ಆಗಿ ಇನ್ನೂ 1,600 ಕಿಲೋಮೀಟರ್ ಆಗಿರಲಿಲ್ಲ. ಅಷ್ಟರಲ್ಲಿ ಒಂದು ಲೀಟರ್ ಮೊದಲೇ ಹಾಕಿದ್ದೆ.

ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು (ಸಿಲಿಂಡರ್ ಒಳಗೆ ಕೊರೆಸಬೇಕು), 45,000 ಆಗುತ್ತದೆ ಎಂದರು. ಗಾಡಿಗೇ ಈಗ ಅಷ್ಟು ಬೆಲೆ ಬರುತ್ತದೋ ಇಲ್ಲವೋ. ಆದರೂ ಮಾರಲು ಮನಸ್ಸಿಲ್ಲ. ತಿಳಿದವರು ದಾರಿ ಹೇಳಿ.

ಹೊಸನಗರದಿಂದ:
ನಮ್ಮ ಹಳೆ ಗಾಡಿಗೆ 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿದ ಮೇಲೆ ಕುಡಿಯುವುದು ಕಡಿಮೆ ಆಯಿತು. ಒಮ್ಮೆ ನೋಡಿ.

ಕೊಪ್ಪದಿಂದ:
ದಪ್ಪ ಆಯಿಲ್ ಕೊನೆಗೆ ಇರಲಿ ಮಾರಾಯ್ರೆ. ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗಬೇಕು. ನಾನು 22 ವರ್ಷ ಟ್ಯಾಕ್ಸಿ ಓಡಿಸಿದ್ದೇನೆ. ಅದರಲ್ಲಿ ಹೆಚ್ಚಿನದು ಆಗುಂಬೆ ಘಟ್ಟ ಇಳಿದು ಉಡುಪಿಗೆ ಹೋಗುವ ಬಾಡಿಗೆ.

ದೀಪದ ವಿಷಯ ಮೊದಲು. ಅದು ಆಯಿಲ್ ಎಷ್ಟಿದೆ ಎಂದು ತೋರಿಸುವ ದೀಪ ಅಲ್ಲ, ಪ್ರೆಷರ್ ದೀಪ. ತಿರುವಿನಲ್ಲಿ ಇದ್ದ ಸ್ವಲ್ಪ ಆಯಿಲ್ ಚೇಂಬರಿನ ಒಂದು ಕಡೆಗೆ ಸರಿದು, ಪಂಪಿಗೆ ಸಿಗದೆ ದೀಪ ಹತ್ತಿದೆ. ನೀವು ನಿಲ್ಲಿಸಿದ್ದು ಒಳ್ಳೆಯದಾಯಿತು. ದೀಪ ಹತ್ತಿದ ಮೇಲೂ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಆಮೇಲೆ 45,000ಕ್ಕೂ ಮುಗಿಯುವುದಿಲ್ಲ.

ಇನ್ನು ಅಳತೆ. ಅಡಿಕೆ ಒಣಗಿಸುವ ಅಂಗಳ ಇದ್ದರೆ ಗಾಡಿ ಅಲ್ಲಿ ನಿಲ್ಲಿಸಿ. ನಮ್ಮ ಕಡೆ ಸಮತಟ್ಟು ಜಾಗ ಅಂದರೆ ಅದೇ ಅಲ್ವಾ. ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಎಫ್ (ಫುಲ್) ಗೆರೆಯವರೆಗೆ ಮಾತ್ರ ತುಂಬಿಸಿ, ಮೇಲೆ ಹೋದರೆ ತಿರುಗುವ ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಬರುತ್ತದೆ. ಮೀಟರ್ ಬರೆದಿಟ್ಟು 500 ಕಿಲೋಮೀಟರಿಗೆ ಮತ್ತೆ ನೋಡಿ. ರಾತ್ರಿ ಎಂಜಿನ್ ಕೆಳಗೆ ಬಿಳಿ ರಟ್ಟು ಹಾಸಿ. ಅಡಿಕೆ ಹಾಳೆ ಬೇಡ, ಅದರ ಮೇಲೆ ಕಲೆ ಕಾಣುವುದಿಲ್ಲ.

ಸೋರಿಕೆ ಇಲ್ಲದಿದ್ದರೆ ಒಳಗೇ ಸುಡುತ್ತಿದೆ ಎಂದು ಅರ್ಥ. ರಿಂಗಿನಿಂದಲೂ ಆಗಬಹುದು, ವಾಲ್ವ್ ಸೀಲಿನಿಂದಲೂ (ವಾಲ್ವಿನ ಕಾಂಡದ ಸುತ್ತ ಇರುವ ರಬ್ಬರ್ ಸೀಲು) ಆಗಬಹುದು. ಇದನ್ನು ತಿಳಿಯಲು ಆಗುಂಬೆ ಘಟ್ಟದಷ್ಟು ಒಳ್ಳೆಯ ಜಾಗ ಇಲ್ಲ. 14 ತಿರುವುಗಳನ್ನೂ ಎರಡನೇ ಗೇರಿನಲ್ಲಿ, ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದು ಇಳಿಸಿ. ಆಗ ಎಂಜಿನ್ ಒಳಗೆ ಗಾಳಿ ಎಳೆತ ಜಾಸ್ತಿ ಇರುತ್ತದೆ. ಸೀಲ್ ಹಳೆಯದಾಗಿ ಒಣಗಿ ಗಟ್ಟಿಯಾಗಿದ್ದರೆ ಆಯಿಲ್ ವಾಲ್ವಿನ ಕಾಂಡ ಹಿಡಿದು ಒಳಗೆ ಇಳಿಯುತ್ತದೆ. ಘಟ್ಟದ ಕೆಳಗೆ ಸೋಮೇಶ್ವರದಲ್ಲಿ ಆಕ್ಸಿಲೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ ಬುಸ್ಸೆಂದು ಬಂದರೆ ಸೀಲು. ಘಟ್ಟ ಹತ್ತುವಾಗ ಒಂದೇ ಸಮ ಹೊಗೆ ಬಂದರೆ ರಿಂಗು. ಹಿಂದೆ ಬೈಕಿನಲ್ಲಿ ಒಬ್ಬರು ಬರಲಿ, ನಿಮಗೆ ಕನ್ನಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಒಂದು ಮಾತು. ಮಳೆಗಾಲದ ಬೆಳಿಗ್ಗೆ ಮಲೆನಾಡಿನ ಎಲ್ಲ ಗಾಡಿಗಳೂ ಬಿಳಿ ಹೊಗೆ ಬಿಡುತ್ತವೆ. ಅದು ನೀರಿನ ಆವಿ, ಬೇಗ ಕರಗುತ್ತದೆ. ಆಯಿಲ್ ಹೊಗೆ ನೀಲಿ, ಗಾಳಿಯಲ್ಲಿ ನಿಲ್ಲುತ್ತದೆ, ಸುಟ್ಟ ಎಣ್ಣೆ ವಾಸನೆ ಬರುತ್ತದೆ.

ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗೆ ಕಟ್ಟುವ ಒತ್ತಡ, ಅಳೆಯದೆ ಬೋರ್ ಮಾಡಿಸಲು ಒಪ್ಪಬೇಡಿ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಮುಳ್ಳು ಮೇಲೇರಿದರೆ ರಿಂಗ್ ಸವೆದಿದೆ.

ಸಾಗರದಿಂದ:
ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಕಟ್ಟುವ ಹೊಗೆ, ಗಾಳಿಗೆ ದಾರಿ ಬಿಡುವ ವಾಲ್ವ್) ಯಾರೂ ಹೇಳಲೇ ಇಲ್ಲ. ಬಿಚ್ಚಿ ಅಲ್ಲಾಡಿಸಿದರೆ ಟಕಟಕ ಅನ್ನಬೇಕು. ಮಸಿ ಹಿಡಿದು ಮುಚ್ಚಿಕೊಂಡರೆ ಎಂಜಿನ್ ಒಳಗೆ ಒತ್ತಡ ಕಟ್ಟಿ, ಆಯಿಲ್ ಸಿಕ್ಕ ಕಡೆಯಿಂದೆಲ್ಲ ಹೊರಗೆ ಬರುತ್ತದೆ. ಸಣ್ಣ ಸಾಮಾನು, ಮೊದಲು ಅದನ್ನೇ ನೋಡಿಸಿ.

ತೀರ್ಥಹಳ್ಳಿಯಿಂದ:
ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಕೊಪ್ಪದ ಅಣ್ಣ ಹೇಳಿದ ಹಾಗೇ ಮಾಡಿದೆ. ರಟ್ಟಿನ ಮೇಲೆ ಎರಡು ಹನಿ, ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ. ಅಷ್ಟಕ್ಕೇ ಲೀಟರ್ ಖಾಲಿ ಆಗುವುದಿಲ್ಲ. ಪಿಸಿವಿ ಸರಿ ಇತ್ತು.

ಭಾನುವಾರ ಘಟ್ಟ ಇಳಿದೆವು, ಭಾವ ಬೈಕಿನಲ್ಲಿ ಹಿಂದೆ. ಕೆಳಗೆ ಆಕ್ಸಿಲೇಟರ್ ಒತ್ತಿದಾಗ ಹೊಗೆಯಲ್ಲಿ ನಂಬರ್ ಪ್ಲೇಟೇ ಕಾಣಲಿಲ್ಲವಂತೆ. ವಾಪಸ್ ಹತ್ತುವಾಗ ಏನೂ ಇಲ್ಲ.

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅಪ್ಪನ ಲೆಕ್ಕದ ಪುಸ್ತಕ ಸಿಕ್ಕಿತು. 2018ರಲ್ಲೇ "ಆಯಿಲ್ ಅರ್ಧ ಲೀಟರ್" ಎಂದು ಬರೆದಿದ್ದಾರೆ, ಆಮೇಲೆ ವರ್ಷ ವರ್ಷ ಜಾಸ್ತಿ ಆಗುತ್ತಾ ಬಂದಿದೆ. ಅಂದರೆ ಇದು ಒಮ್ಮೆಲೇ ಆದದ್ದಲ್ಲ. ಓದುವಾಗ ಗಂಟಲು ಕಟ್ಟಿತು.

ಶಿವಮೊಗ್ಗದಲ್ಲಿ ಬೇರೊಬ್ಬ ಮೆಕ್ಯಾನಿಕ್ ಕಂಪ್ರೆಷನ್ ಅಳೆದರು. ನಾಲ್ಕು ಸಿಲಿಂಡರಿಗೆ 170, 165, 170, 160 ಪಿಎಸ್‌ಐ, ಹೆಚ್ಚು ಕಡಿಮೆ ಒಂದೇ. ರಿಂಗ್ ಚೆನ್ನಾಗಿದೆ ಎಂದು ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆ, ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದ ಹಾಗೆ ಹಿಡಿದು ಸೀಲ್ ಬದಲಿಸಿದರು. ಹಳೆ ಸೀಲು ಒತ್ತಿದರೆ ಬಗ್ಗುತ್ತಲೇ ಇರಲಿಲ್ಲ, ಚೂರು ಚೂರಾಯಿತು. ಕವರ್ ಪ್ಯಾಕಿಂಗ್ ಸೇರಿ 6,800 ರೂಪಾಯಿ. 900 ಕಿಲೋಮೀಟರ್ ಆಯಿತು, ಎಫ್‌ನಿಂದ ಸ್ವಲ್ಪವೇ ಇಳಿದಿದೆ. ಆ ಸ್ವಲ್ಪಕ್ಕೆ ಚಿಂತೆ ಮಾಡಬೇಕಾ ಅಣ್ಣ?

ಕೊಪ್ಪದಿಂದ:
ತುಂಬಾ ಖುಷಿ ಆಯಿತು. ಆ ವಯಸ್ಸಿನ ಎಂಜಿನ್ನಿಗೆ ಸ್ವಲ್ಪ ಇಳಿಯುವುದು ಸಹಜ. ಕಂಪ್ರೆಷನ್ ಚೆನ್ನಾಗಿದ್ದರೂ ಒಳಗೆ ಆಯಿಲ್ ರಿಂಗ್ (ಸಿಲಿಂಡರ್ ಗೋಡೆಯ ಆಯಿಲ್ ಕೆರೆದು ಇಳಿಸುವ ರಿಂಗ್) ಮಸಿ ಹಿಡಿದು ಅಂಟಿರುವುದು ಉಂಟು. ಆದ್ದರಿಂದ ಇನ್ನೂ ಎರಡು ಸಲ 500ಕ್ಕೆ ಅಳೆದು ಅದೇ ಪುಸ್ತಕದಲ್ಲಿ ಬರೆಯಿರಿ. ಅದೇ ಗ್ರೇಡಿನ ಒಂದು ಲೀಟರ್ ಡಬ್ಬ ಡಿಕ್ಕಿಯಲ್ಲಿರಲಿ. ಅಮ್ಮನನ್ನು ಕರೆದುಕೊಂಡು ಹೊರಡುವ ದಿನ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿಯೇ ಹೊರಡಿ.