ಸಹಾಯ ಬೇಕು: ಪವರ್ ಚಿಪ್ಪಿನಲ್ಲಿ ಸೆಟ್ಟಿಂಗ್ ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಗುಜರಿಯಲ್ಲಿ ಸಿಕ್ಕಿದ ಪವರ್ ಬೋರ್ಡೊಂದನ್ನು ತಮ್ಮನ ಕಾಲೇಜು ಪ್ರಾಜೆಕ್ಟಿಗೆ ಹೊಂದಿಸುತ್ತಿದ್ದೇನೆ. 1 ವೋಲ್ಟ್ ಬರುತ್ತಿದೆ, ಬೇಕಾದದ್ದು 1.2. ಚಿಪ್ ಕಂಪನಿಯ ಸಾಫ್ಟ್‌ವೇರಿಗೆ ಅವರದೇ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಸಣ್ಣ ಸಾಧನ) ಬೇಕಂತೆ. ಅದರ ರೇಟು ನೋಡಿದರೆ ಅಂಥ ನಾಲ್ಕು ಬೋರ್ಡು ಬರುತ್ತದೆ!

ಚಿಪ್ ಪಿಎಂಬಸ್‌ನದು (ಪವರ್ ಚಿಪ್ಪುಗಳಿಗೆ ವಯರಿನಲ್ಲಿ ಕಮಾಂಡ್ ಕಳಿಸುವ ಪದ್ಧತಿ) ಅಲ್ವಾ, ಅದಕ್ಕೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಐ2ಸಿ (ಚಿಪ್ಪುಗಳ ನಡುವೆ ಎರಡು ವಯರಿನ ಸಂಪರ್ಕ) ಪಿನ್ನುಗಳಿಗೆ ಎರಡು ವಯರ್ ಮತ್ತು ಗ್ರೌಂಡ್ ಎಳೆದೆ. ಉತ್ತರ ಕೊಟ್ಟಿತು. ವೋಲ್ಟೇಜನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂದು ಹೇಳುವ ಹೆಕ್ಸ್ 20ನೇ ಕಮಾಂಡ್ (ಹೆಕ್ಸ್ ಅಂದರೆ ಹದಿನಾರರ ಲೆಕ್ಕದ ಅಂಕಿ) ಓದಿದರೆ ಹೆಕ್ಸ್ 17 ಬಂತು. ಅಂದರೆ ಒಂದು ವೋಲ್ಟಿಗೆ 512 ಲೆಕ್ಕ. 1.2ಕ್ಕೆ 614. ಅದನ್ನು ವೋಲ್ಟೇಜ್ ಹೊಂದಿಸುವ ಹೆಕ್ಸ್ 21ನೇ ಕಮಾಂಡಿಗೆ ಬರೆದೆ, ಮೀಟರ್ ಸರಿಯಾಗಿ 1.2 ತೋರಿಸಿತು. ಖುಷಿಯಲ್ಲಿ ಒಂದು ಚಾ ಕುಡಿದು ಬಂದೆ. ಅಷ್ಟರಲ್ಲಿ ಕರೆಂಟ್ ಹೋಗಿ ಬಂದಿತ್ತು, ಬೋರ್ಡು ಮತ್ತೆ 1 ವೋಲ್ಟಿಗೇ ಇಳಿದಿತ್ತು. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟಿನ ಕತೆ ಗೊತ್ತಲ್ಲ.

ಸೇವ್ ಮಾಡಲು ಹೆಕ್ಸ್ 15ನೇ ಕಮಾಂಡ್ ಕಳಿಸಿದೆ, ಪ್ರಯೋಜನವಿಲ್ಲ. ಆಮೇಲೆ ರೈಟ್ ಪ್ರೊಟೆಕ್ಟ್ (ಬರೆಯದಂತೆ ತಡೆಯುವ ಸೆಟ್ಟಿಂಗ್), ಅಂದರೆ ಹೆಕ್ಸ್ 10ನೇ ಕಮಾಂಡ್ ಓದಿದೆ. ಅಲ್ಲಿ ಬರೆದಿರುವ ಮೌಲ್ಯ ಹೆಕ್ಸ್ 20. ವೋಲ್ಟೇಜ್ ಬದಲಿಸಲು ಬಿಟ್ಟು ಸೇವ್ ಮಾಡಲು ಬಿಡದಿರುವುದಕ್ಕೆ ಇದೇ ಕಾರಣ ಅಂತ ಕಾಣುತ್ತದೆ.

ಈಗ ಅಲ್ಲಿಗೆ ಸೊನ್ನೆ ಬರೆದು ಪುನಃ ಸೇವ್ ಮಾಡಬಹುದಾ? ಕೆಲವು ಚಿಪ್ಪುಗಳ ಮೆಮೊರಿಗೆ ಲೆಕ್ಕದಷ್ಟೇ ಸಲ ಬರೆಯಲು ಆಗುವುದು, ಅದಕ್ಕೇ ಹೆದರಿಕೆ. ಚಿಪ್ಪಿನ ಮೇಲಿನ ನಂಬರ್ ಉಜ್ಜಿ ಹೋಗಿದೆ, ಡೇಟಾಶೀಟ್ (ಚಿಪ್ಪಿನ ವಿವರದ ಕಾಗದ) ಹುಡುಕುವ ಹಾಗಿಲ್ಲ. ಬರೆಯುವ ಮೊದಲು ಯಾವ್ಯಾವ ರಿಜಿಸ್ಟರ್ (ಚಿಪ್ಪಿನೊಳಗೆ ಸೆಟ್ಟಿಂಗ್ ಇರುವ ಜಾಗ) ಓದಿ ಇಟ್ಟುಕೊಳ್ಳಬೇಕು? ಕೈಯಾರೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.